ಜೊಲ್ಲಿನಲ್ಲಿ ಸುಳಿವು: ಬಾಯಿಯ ಒಳಪದರದ ರೋಗಗಳಿಗೆ ಲಾಲಾರಸ ಪರೀಕ್ಷೆ

ಲಾಲಾರಸದ ಶೇ 99ರಷ್ಟು ಬರೀ ನೀರು. ನಮಗೆ ಬೇಕಾದ ಪ್ರೋಟೀನು, ಆರ್‌ಎನ್‌ಎ, ಪ್ರತಿಕಾಯ, ಉದುರಿದ ಜೀವಕೋಶ, ಸೂಕ್ಷ್ಮಾಣುಗಳೆಲ್ಲ ಉಳಿದ ಚೂರಿನಲ್ಲಿರುತ್ತವೆ. ಬಾಯಿಯ ಒಳಪದರ ಹಗಲಿರುಳೂ ಇದರಲ್ಲೇ ತೊಯ್ದಿರುವುದರಿಂದ ಅಲ್ಲಿನ ಬದಲಾವಣೆಯ ಗುರುತು ಇಲ್ಲಿ ಬೇಗ ಸಿಗಬಹುದು ಎಂಬುದೇ ಈ ಪರೀಕ್ಷೆಯ ತಳಹದಿ. ಆದರೆ ಮಾದರಿ ಪ್ರಯೋಗಾಲಯ ತಲುಪುವ ಮೊದಲೇ ಕೆಟ್ಟಿರುವುದುಂಟು. ಆದ್ದರಿಂದ ಸಂಗ್ರಹದ ಹಂತವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಸಂಗ್ರಹ

ಬೆಳಿಗ್ಗೆ 9ರಿಂದ 11ರ ನಡುವೆ ತೆಗೆಯುವುದು ರೂಢಿ. ಹರಿವು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಮರುಪರೀಕ್ಷೆಯೂ ಅದೇ ಹೊತ್ತಿಗೆ ಇರಲಿ. ಅದಕ್ಕೆ ಮುಂಚಿನ 90 ನಿಮಿಷ ಊಟ, ಪಾನೀಯ, ತಂಬಾಕು, ಅಡಿಕೆ ಯಾವುದೂ ಬೇಡ. ಹಲ್ಲುಜ್ಜುವುದೂ ಬೇಡ: ಬ್ರಷ್ ತಾಗಿ ಒಸಡಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗಿದರೂ ರಕ್ತದ ಪ್ರೋಟೀನುಗಳು ಲೆಕ್ಕ ತಪ್ಪಿಸುತ್ತವೆ. ನೀರಿನಿಂದ ಬಾಯಿ ಮುಕ್ಕಳಿಸಿದ ಮೇಲೆ 5 ನಿಮಿಷ ಕಾಯಬೇಕು, ಇಲ್ಲದಿದ್ದರೆ ಮಾದರಿ ತೆಳುವಾಗುತ್ತದೆ.

‘ಉಗುಳಿ’ ಎಂದು ಹೇಳಲೇಬೇಡಿ. ಹಾಗೆಂದರೆ ಕ್ಯಾಕರಿಸುತ್ತಾರೆ, ಗಂಟಲಿನ ಕಫವೂ ಕೊಳವೆಗೆ ಬೀಳುತ್ತದೆ. ನೆಟ್ಟಗೆ ಕೂರಿಸಿ, ಒಮ್ಮೆ ಎಂಜಲು ನುಂಗಿಸಿ, ಆಮೇಲೆ ಗಡಿಯಾರ ನೋಡಿ. ತಲೆ ಮುಂದಕ್ಕೆ ಬಾಗಿರಲಿ, ತುಟಿ ಅರೆ ತೆರೆದಿರಲಿ, ನಾಲಗೆ ಆಡಿಸದೆ ಜೊಲ್ಲು ತಾನಾಗಿ ಕೊಳವೆಗೆ ಇಳಿಯಲಿ. ಕೊಳವೆಯನ್ನು ಮೊದಲೇ ತೂಗಿ ಮಂಜುಗಡ್ಡೆಯಲ್ಲಿ ಇಟ್ಟಿರಬೇಕು. ಮತ್ತೆ ತೂಗುವ ಮುನ್ನ ಹೊರಗಿನ ತೇವ ಒರೆಸಿ.

1 ಗ್ರಾಂ ಅಂದರೆ ಸುಮಾರು 1 ಮಿ.ಲೀ. ಖಾಲಿ ಕೊಳವೆ 13.2 ಗ್ರಾಂ ಇದ್ದು 5 ನಿಮಿಷದ ಬಳಿಕ 14.7 ಗ್ರಾಂ ಆದರೆ 1.5 ಮಿ.ಲೀ. ಸಿಕ್ಕಿತು, ನಿಮಿಷಕ್ಕೆ 0.3 ಮಿ.ಲೀ. ಇದು ಸಹಜ ಹರಿವು. ನಿಮಿಷಕ್ಕೆ 0.1ಕ್ಕಿಂತ ಕಡಿಮೆಯಾದರೆ ಲಾಲಾರಸವೇ ಬತ್ತಿದೆ ಎಂದರ್ಥ. ಅಂಥವರ ಮಾದರಿ ದಪ್ಪಗಿರುವುದರಿಂದ ಪ್ರೋಟೀನಿನ ಅಂಕಿ ಹೆಚ್ಚಾಗಿ ತೋರಬಹುದು. ಹರಿವಿನ ದರ ಬರೆಯದ ವರದಿಯನ್ನು ನಾನಂತೂ ಅರ್ಧ ವರದಿ ಎನ್ನುತ್ತೇನೆ.

ಗಮ್ ಅಗಿಸಿ ತೆಗೆದ ಮಾದರಿಯಲ್ಲಿ ಕೆನ್ನೆಯ ಪೆರೋಟಿಡ್ ಗ್ರಂಥಿಯ ಪಾಲು ಹೆಚ್ಚುತ್ತದೆ. ಅಗಿಸದೆ ತೆಗೆದದ್ದರೊಡನೆ ಅದನ್ನು ಹೋಲಿಸುವಂತಿಲ್ಲ.

ಸಂಸ್ಕರಣೆ

4 ಡಿಗ್ರಿ ಸೆಲ್ಸಿಯಸ್‌ನಲ್ಲಿ 2600 ಜಿ ಬಲದಲ್ಲಿ (ಗುರುತ್ವದ 2600 ಪಟ್ಟು) 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲಿನ ತಿಳಿಯನ್ನು ತೆಗೆಯಿರಿ. ಜೀವಕೋಶದ ಡಿಎನ್‌ಎ ಬೇಕಿದ್ದರೆ ತಳದ ಗಸಿ ಎಸೆಯಬೇಡಿ. ಪ್ರೋಟೀನು ಅಳೆಯುವುದಾದರೆ ಪ್ರೋಟಿಯೇಸ್ (ಪ್ರೋಟೀನು ಒಡೆಯುವ ಕಿಣ್ವ) ತಡೆಕಾರಿ, ಆರ್‌ಎನ್‌ಎ ಅಳೆಯುವುದಾದರೆ ಆರ್‌ಎನ್‌ಏಸ್ (ಆರ್‌ಎನ್‌ಎ ಒಡೆಯುವ ಕಿಣ್ವ) ತಡೆಕಾರಿ ತಕ್ಷಣ ಸೇರಿಸಿ. ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದೇ ಪಾಲನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಮ್ಯೂಸಿನ್ (ಜೊಲ್ಲಿಗೆ ಲೋಳೆತನ ಕೊಡುವ ಪ್ರೋಟೀನು) ಗರಣೆಗಟ್ಟಿ ಪಿಪೆಟ್ಟಿನ ತುದಿಗೆ ಎಳೆ ಎಳೆಯಾಗಿ ಅಂಟುತ್ತದೆ, ಅಳತೆ ತಪ್ಪುತ್ತದೆ. ಮೇಲಿನ ತಿಳಿಗೆ ಗುಲಾಬಿ ಬಣ್ಣವಿದ್ದರೆ ಆ ಮಾದರಿ ಬಿಟ್ಟುಬಿಡಿ. ಬಣ್ಣವಿಲ್ಲದಿದ್ದರೂ ರಕ್ತದ ಪ್ರೋಟೀನಾದ ಟ್ರಾನ್ಸ್‌ಫೆರಿನ್ ಅಳೆದರೆ ರಕ್ತದ ಬೆರಕೆ ಗೊತ್ತಾಗುತ್ತದೆ.

ಏನನ್ನು ಹುಡುಕುತ್ತೇವೆ

ಬಾಯಿ ಕ್ಯಾನ್ಸರಿನಲ್ಲಿ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನುಗಳಾದ ಇಂಟರ್‌ಲ್ಯೂಕಿನ್-8, ಇಂಟರ್‌ಲ್ಯೂಕಿನ್-1 ಬೀಟಾ, ಜೊತೆಗೆ ಮೈಕ್ರೊಆರ್‌ಎನ್‌ಎ-31 (ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಚಿಕ್ಕ ಆರ್‌ಎನ್‌ಎ) ಏರುವುದು ಅಧ್ಯಯನಗಳಲ್ಲಿ ಕಂಡಿದೆ. ಲೈಕೆನ್ ಪ್ಲೇನಸ್‌ನಲ್ಲಿ (ಒಳಪದರದಲ್ಲಿ ಬಿಳಿ ಗೆರೆ ಮೂಡಿಸುವ ಉರಿಯೂತದ ರೋಗ) ಇಂಟರ್‌ಲ್ಯೂಕಿನ್-6 ಮತ್ತು ಅದೇ ಬಗೆಯ ಪ್ರೋಟೀನಾದ ಟಿಎನ್‌ಎಫ್ ಆಲ್ಫಾ. ಗುಳ್ಳೆ ಏಳಿಸುವ ಪೆಂಫಿಗಸ್ ರೋಗದಲ್ಲಿ, ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನಾದ ಡೆಸ್ಮೊಗ್ಲೀನ್-3ರ ವಿರುದ್ಧದ ಪ್ರತಿಕಾಯ. ಕ್ಯಾಂಡಿಡಾ ಶಿಲೀಂಧ್ರ ಆರೋಗ್ಯವಂತರ ಬಾಯಲ್ಲೂ ಇರುವುದರಿಂದ, ಅದು ಇದೆ ಎಂದಷ್ಟೇ ತಿಳಿದರೆ ಉಪಯೋಗವಿಲ್ಲ. ಎಷ್ಟಿದೆ ಎಂದು ಎಣಿಸಿ ಲಕ್ಷಣದೊಡನೆ ತಾಳೆ ನೋಡಬೇಕು.

ತೊಡಕು ಏನೆಂದರೆ, ಒಸಡು ಊದಿದ್ದರೂ ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-8 ಏರುತ್ತವೆ. ಹಾಗಾಗಿ ಲಾಲಾರಸ ತೆಗೆದ ದಿನವೇ ಒಸಡಿನ ಸ್ಥಿತಿಯನ್ನೂ ಬರೆದಿಡಿ. ಅದಕ್ಕಾಗಿ ಪ್ರೋಬ್ (ಒಸಡಿನ ಆಳ ಅಳೆಯುವ ಸಣ್ಣ ಕಡ್ಡಿ) ಹಾಕುವುದು ಮಾದರಿ ತೆಗೆದ ನಂತರವೇ. ಮೊದಲೇ ಹಾಕಿದರೆ ರಕ್ತ ಬರುತ್ತದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. 1,000 ಜನರಲ್ಲಿ 10 ಮಂದಿಗೆ ರೋಗವಿದೆ, ಪರೀಕ್ಷೆಯ ಸಂವೇದನೆ (ರೋಗವಿದ್ದವರನ್ನು ಹಿಡಿಯುವ ಪ್ರಮಾಣ) ಮತ್ತು ನಿರ್ದಿಷ್ಟತೆ (ರೋಗವಿಲ್ಲದವರನ್ನು ಇಲ್ಲವೆಂದೇ ಹೇಳುವ ಪ್ರಮಾಣ) ಎರಡೂ ಶೇ 90 ಎಂದಿಟ್ಟುಕೊಳ್ಳಿ. ರೋಗವಿದ್ದವರಲ್ಲಿ 9 ಮಂದಿ ಸಿಗುತ್ತಾರೆ. ರೋಗವಿಲ್ಲದ 990 ಮಂದಿಯಲ್ಲಿ 99 ಮಂದಿಗೂ ಪಾಸಿಟಿವ್ ಬರುತ್ತದೆ. ಒಟ್ಟು 108ರಲ್ಲಿ ನಿಜವಾದದ್ದು 9, ಅಂದರೆ ಸುಮಾರು ಶೇ 8. ಇದೇ ಪರೀಕ್ಷೆಯನ್ನು ಬಾಯೊಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇರುವವರಿಗೆ, ತಂಬಾಕು ಬಳಸುವವರಿಗೆ ಮಾಡಿದರೆ ರೋಗಿಗಳ ಪ್ರಮಾಣ ಹೆಚ್ಚಿರುವುದರಿಂದ ಫಲಿತಾಂಶಕ್ಕೆ ತೂಕ ಬರುತ್ತದೆ.

ಎರಡು ವಾರ ಕಳೆದರೂ ಮಾಯದ ಹುಣ್ಣಿಗೆ ಲಾಲಾರಸದ ವರದಿ ಸಹಜವೆಂದು ಬಂದರೂ ಬಯಾಪ್ಸಿ ಆಗಬೇಕು. ಕಾರಣ ಸಿಗದ ಕೆಂಪು ಮಚ್ಚೆ ಬಿಳಿಯದಕ್ಕಿಂತ ಅಪಾಯಕಾರಿ. ಅದು ಕಂಡರೆ ಈ ವರದಿಗೆಂದು ಕಾಯುತ್ತ ಕೂರಬೇಡಿ.