ಹಳೆಯ ವಹಿಯನ್ನು ಮುಚ್ಚುವ ದಿನ

ಸರ್ಕಾರಿ ಕಚೇರಿಗಳಲ್ಲಿ ಹೊಸ ತಂತ್ರಾಂಶ ಅಳವಡಿಸಿ, ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಈ ಕೆಲಸದಲ್ಲಿ ನಾನು ಪದೇ ಪದೇ ಕಂಡಿರುವುದು ಇದು: ವಿಷಯ ನಿರ್ವಾಹಕರು ಇ-ಕಡತದಲ್ಲಿ ಟಿಪ್ಪಣಿ ಬರೆದು, ಅದನ್ನು ಮುದ್ರಿಸಿ ಮೇಲಧಿಕಾರಿಗಳ ಮುಂದಿಟ್ಟು, ಅವರು ಶಾಯಿಯಲ್ಲಿ ಸಹಿ ಮಾಡಿದ ಹಾಳೆಯನ್ನು ಸ್ಕ್ಯಾನ್ ಮಾಡಿ ಮತ್ತೆ ಅದೇ ಇ-ಕಡತಕ್ಕೆ ಸೇರಿಸುತ್ತಾರೆ. ಟಪಾಲು ಕಂಪ್ಯೂಟರಿನಲ್ಲೂ ದಾಖಲಾಗುತ್ತದೆ, ಪಕ್ಕದ ವಹಿಯಲ್ಲೂ ದಾಖಲಾಗುತ್ತದೆ. ಇದು ಸಿಬ್ಬಂದಿಯ ಹಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಪಾಸಣೆಗೆ ಬಂದವರು ವಹಿಯನ್ನೇ ಕೇಳುವಾಗ, ಅದನ್ನು ಬರೆಯಬೇಕಿಲ್ಲ ಎಂದು ಯಾರೂ ಲಿಖಿತವಾಗಿ ಆದೇಶಿಸದಿರುವಾಗ, ಎರಡೂ ಕಡೆ ಬರೆದಿಡುವುದೇ ಆ ನೌಕರರಿಗೆ ಕ್ಷೇಮ.

ಈ ಗಂಟನ್ನು ಬಿಡಿಸಿದ ಅನುಭವ ನಮ್ಮ ಕಂದಾಯ ಇಲಾಖೆಗೇ ಇದೆ. ಭೂದಾಖಲೆಗಳ ಗಣಕೀಕರಣಕ್ಕಾಗಿ ಆರಂಭದಲ್ಲಿ ನಡೆದ ಪ್ರಯತ್ನಗಳಲ್ಲಿ ಮಾಹಿತಿ ಕಂಪ್ಯೂಟರಿಗೆ ಸೇರಿತೇ ಹೊರತು, ಜಮೀನು ಕೈಬದಲಾದಂತೆ ಅದನ್ನು ತಿದ್ದುವ ವ್ಯವಸ್ಥೆ ಇರಲಿಲ್ಲ; ಹೀಗಾಗಿ ಅದು ಬೇಗನೆ ಹಳತಾಯಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಅದಕ್ಕಿಂತ ಮುಖ್ಯವಾದದ್ದು, ಒಂದೊಂದು ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಕೊಡುವ ‘ಭೂಮಿ’ ಕೇಂದ್ರ ಕೆಲಸ ಆರಂಭಿಸಿದಂತೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಅಧಿಸೂಚನೆ ಹೊರಡಿಸಲಾಯಿತು. ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟುಮಾಡಿತು, ಸಿಬ್ಬಂದಿಯ ಬೆರಳ ಗುರುತಿಲ್ಲದೆ ಅದರೊಳಗೆ ಪ್ರವೇಶವೂ ಇರಲಿಲ್ಲ. ಹಿಂತಿರುಗುವ ದಾರಿ ಮುಚ್ಚಿದ್ದರಿಂದಲೇ ಹೊಸ ದಾರಿಯಲ್ಲಿ ಜನ ನಡೆದರು.

ಆದರೆ ಮುಚ್ಚುವ ಮುನ್ನ ಹೊಸದು ನಡೆಯುವಂತಿರಬೇಕು. 2024ರಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕಿಳಿದಾಗ, ಸಾಲುಸಾಲು ಆ್ಯಪ್‌ಗಳ ಒತ್ತಡವೂ ಅವಕ್ಕೆ ತಕ್ಕ ಸೌಲಭ್ಯವಿಲ್ಲದಿರುವುದೂ ಅವರ ಮುಖ್ಯ ದೂರುಗಳಾಗಿದ್ದವು. ಅದು ತಂತ್ರಜ್ಞಾನದ ವಿರೋಧವೆಂದು ನನಗನಿಸಲಿಲ್ಲ. ಪ್ರತಿ ಯೋಜನೆಯೂ ಒಂದು ಕೆಲಸವನ್ನು ಸೇರಿಸಿ, ಯಾವುದನ್ನೂ ತೆಗೆಯದೆ ಹೋದರೆ, ಭಾರವೆಲ್ಲ ಕೊನೆಯ ಕುರ್ಚಿಯಲ್ಲಿ ಕುಳಿತವರ ಮೇಲೆ ಬೀಳುತ್ತದೆ. ಸಮಯವಿಲ್ಲದ ಅಧಿಕಾರಿ ತನ್ನ ಡಿಜಿಟಲ್ ಸಹಿಯ ಡಾಂಗಲನ್ನು (ಸಹಿಗಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನವನ್ನು) ಆಪರೇಟರ್ ಕೈಗೆ ಕೊಟ್ಟುಬಿಡುವ ಅಪಾಯಕಾರಿ ರೂಢಿ ಹುಟ್ಟುವುದೂ ಇಲ್ಲಿಂದಲೇ.

ಆದ್ದರಿಂದ ಈಗ ನಾನು ತರಬೇತಿಯ ದಿನಾಂಕ ಗೊತ್ತುಮಾಡುವ ಮೊದಲು, ಯಾವ ವಹಿ ನಿಲ್ಲುತ್ತದೆ, ಎಂದಿನಿಂದ, ಯಾರ ಆದೇಶದ ಮೇಲೆ ಎಂದು ಕೇಳುತ್ತೇನೆ. ಒಂದು ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರು ಮೂರು ವಾರ ಸ್ವತಃ ಇ-ಕಡತಗಳನ್ನೇ ನೋಡಿದರು, ಮುದ್ರಿತ ಪ್ರತಿ ತಂದವರನ್ನು ವಿನಯದಿಂದಲೇ ಹಿಂದಕ್ಕೆ ಕಳುಹಿಸಿದರು. ನಾಲ್ಕನೆಯ ವಾರದ ಸೋಮವಾರ ಟಪಾಲು ಶಾಖೆಗೆ ಬಂದು, ಆವಕ ವಹಿಯ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು, ‘ಮುಂದಿನ ನಮೂದುಗಳು ಇ-ಕಚೇರಿಯಲ್ಲಿ’ ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದರು. ಆ ಶಾಖೆಯ ಸಹಾಯಕರು ಅದೇ ಸಂಜೆ ವಹಿಯನ್ನು ದಾಖಲೆ ಕೊಠಡಿಗೆ ಒಪ್ಪಿಸಿ ಸ್ವೀಕೃತಿ ಪಡೆದುಕೊಂಡರು.