ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು: ಎಸ್‌ಎಂಪಿಎಸ್ ಸರಿಯಿದೆ ಅಂತ ಯಾರು ಹೇಳಿದ್ದು?

ಪ್ರಶ್ನೆ: ಕಂಪ್ಯೂಟರಿನ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತೆ, ಲೈಟ್ ಹತ್ತುತ್ತೆ, ಸ್ಕ್ರೀನ್‌ನಲ್ಲಿ ಏನೂ ಬರಲ್ಲ. ಫ್ಯಾನ್ ತಿರುಗುತ್ತಿರುವುದರಿಂದ ಪವರ್ ತೊಂದರೆ ಅಲ್ಲ ಅಂತ ಗೊತ್ತಾಯಿತು. ವಿಂಡೋಸ್ ಹೊಸದಾಗಿ ಹಾಕಿದರೆ ಸರಿಹೋಗುತ್ತಾ?

ಉತ್ತರ: ಹೋಗುವುದಿಲ್ಲ. ಬಟನ್ ಒತ್ತಿದ ಮೇಲೆ ಮೊದಲು ವೋಲ್ಟೇಜ್ ಸ್ಥಿರವಾಗಬೇಕು, ಆಮೇಲೆ ಪ್ರೊಸೆಸರ್ ಏಳಬೇಕು, ಬಯಾಸ್ (ಬೋರ್ಡಿನ ಚಿಪ್ಪಿನಲ್ಲೇ ಇರುವ, ಮಷಿನ್ನನ್ನು ಎಬ್ಬಿಸುವ ಪ್ರೋಗ್ರಾಂ) ಓದಬೇಕು, ರ‍್ಯಾಮ್ ಸಿಗಬೇಕು, ಗ್ರಾಫಿಕ್ಸ್ ಚಾಲೂ ಆಗಬೇಕು. ಡಿಸ್ಕಿನ ಸರದಿ ಇಷ್ಟೆಲ್ಲ ಆದ ಮೇಲೆ. ಲೋಗೋ ಕೂಡ ಬರದ ಮಷಿನ್ ವಿಂಡೋಸ್‌ನ ಬಾಗಿಲಿಗೇ ಹೋಗಿಲ್ಲ. ಅದನ್ನು ಫಾರ್ಮ್ಯಾಟ್ ಮಾಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ‘ನೋ ಬೂಟಬಲ್ ಡಿವೈಸ್’ ಅಂತ ಒಂದು ಸಾಲು ಬಂದಿದ್ದರೂ ಖುಷಿಪಡಬಹುದಿತ್ತು: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮೂರೂ ಎದ್ದಿವೆ, ಡಿಸ್ಕನ್ನೋ ಅದರ ಕೇಬಲ್ಲನ್ನೋ ನೋಡಿ ಅಂತ ಅದರರ್ಥ.

ಇನ್ನು ‘ಫ್ಯಾನ್ ತಿರುಗುತ್ತಿದೆ, ಹಾಗಾಗಿ ಎಸ್‌ಎಂಪಿಎಸ್ ಸರಿಯಿದೆ’ ಎನ್ನುವ ಮಾತು (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ವೋಲ್ಟೇಜಿಗೆ ಇಳಿಸಿಕೊಡುವ ಡಬ್ಬಿ). ಎಷ್ಟು ಸಲ ಅಲ್ಲಗಳೆದರೂ ಇದು ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕೇಸ್ ಫ್ಯಾನಿಗೆ ಬೇಕಾದದ್ದು ಒಂದೆರಡು ವ್ಯಾಟ್. 12 ವೋಲ್ಟಿನ ಫ್ಯಾನ್ ಆದರೂ ಬಹಳಷ್ಟು ಫ್ಯಾನ್‌ಗಳು 7 ವೋಲ್ಟ್ ಕೊಟ್ಟರೂ ತಿರುಗುತ್ತವೆ. ಪ್ರೊಸೆಸರ್ ಹಾಗಲ್ಲ. 65 ವ್ಯಾಟ್ ಎಳೆಯುವ ಪ್ರೊಸೆಸರ್ ಸುಮಾರು 1.2 ವೋಲ್ಟಿನಲ್ಲಿ ಕೆಲಸ ಮಾಡುವಾಗ ಅದಕ್ಕೆ 50 ಆಂಪಿಯರ್‌ಗೂ ಹೆಚ್ಚು ಕರೆಂಟ್ ಬೇಕು. ಆ ಪವರ್ ಬರುವ ದಾರಿಯೇ ಬೇರೆ, ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಪ್ಲಗ್. ಆ ಪ್ಲಗ್ಗನ್ನು ಹಾಕುವುದನ್ನೇ ಮರೆತು ಬಟನ್ ಒತ್ತಿದರೂ ಬಹುಪಾಲು ಮದರ್‌ಬೋರ್ಡ್‌ಗಳಲ್ಲಿ ಫ್ಯಾನ್‌ಗಳೆಲ್ಲ ತಿರುಗುತ್ತವೆ, ಲೈಟೂ ಹತ್ತುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಪ್ರೊಸೆಸರಿಗೆ ಹನಿ ಕರೆಂಟೂ ಇಲ್ಲದಿದ್ದಾಗಲೂ ತಿರುಗುವ ಫ್ಯಾನು ಯಾವ ಸೀಮೆಯ ಸಾಕ್ಷಿ?

ಸಾಲದ್ದಕ್ಕೆ, ವೋಲ್ಟೇಜ್ ಬಂದ ಮಾತ್ರಕ್ಕೆ ಬೋರ್ಡ್ ಕೆಲಸ ಶುರು ಮಾಡುವುದಿಲ್ಲ. ಎಲ್ಲ ಲೈನ್‌ಗಳೂ ಸ್ಥಿರವಾದವು ಅಂತ ಎಸ್‌ಎಂಪಿಎಸ್ ತನ್ನ ಬೂದು ತಂತಿಯಲ್ಲಿ ‘ಪವರ್ ಓಕೆ’ ಎಂಬ ಸಂಕೇತ ಕಳಿಸಬೇಕು. ಸ್ವಿಚ್ ಆದ 100ರಿಂದ 500 ಮಿಲಿಸೆಕೆಂಡಿನೊಳಗೆ ಅದು ಬರಬೇಕು ಅಂತ ಲೆಕ್ಕ. ಬರುವ ತನಕ ಬೋರ್ಡು ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಟ್ಟಿರುತ್ತದೆ. ಆ ಹೊತ್ತಿಗೆ ಫ್ಯಾನ್ ಪಾಡಿಗೆ ಫ್ಯಾನ್ ಸುತ್ತುತ್ತಲೇ ಇರುತ್ತದೆ.

‘ಆನ್ ಆಗು’ ಅಂತ ಹೇಳುವ ಹಸಿರು ತಂತಿಗೂ ಗ್ರೌಂಡ್ ಆದ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ‘ಟೆಸ್ಟ್ ಮಾಡಿದೆ’ ಅನ್ನುವವರಿಗೂ ಇದೇ ಉತ್ತರ. ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಹೊರೆಯಿಲ್ಲದೆ ನಿಂತುಕೊಳ್ಳುತ್ತದೆ ಅಂತಷ್ಟೇ. ಮೂಟೆ ಹೊತ್ತಾಗ ಕಾಲು ನಡುಗುತ್ತದೋ ಇಲ್ಲವೋ ತಿಳಿಯುವುದಿಲ್ಲ.

ನಿಜವಾದ ಪರೀಕ್ಷೆಗೆ ಮಲ್ಟಿಮೀಟರ್ ಬೇಕು. 20 ವೋಲ್ಟ್ ಡಿಸಿಗೆ ತಿರುಗಿಸಿ. 24 ಪಿನ್ನಿನ ಪ್ಲಗ್ ಬೋರ್ಡಿನಲ್ಲೇ ಇರಲಿ, ತಂತಿ ಒಳಹೋಗುವ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ. ಕಪ್ಪು ಮೊನೆ ಕಪ್ಪು ತಂತಿಗೆ. ತಂತಿಗಳೆಲ್ಲ ಒಂದೇ ಬಣ್ಣದಲ್ಲಿದ್ದರೆ ಪಿನ್ ಸಂಖ್ಯೆ ಹಿಡಿಯಿರಿ: ಬೂದು 8, ನೇರಳೆ 9, ಹಸಿರು 16. (ಕೆಲವು ಬ್ರ್ಯಾಂಡೆಡ್ ಮಷಿನ್‌ಗಳಲ್ಲಿ ಪ್ಲಗ್ಗೇ ಬೇರೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.) ಮಷಿನ್ ಆಫ್ ಇದ್ದರೂ ನೇರಳೆಯಲ್ಲಿ 5 ವೋಲ್ಟ್ ಇರಬೇಕು. ಬಟನ್ ಒತ್ತಿದಾಗ ಹಸಿರು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಇಳಿಯದಿದ್ದರೆ ದೋಷ ಬಟನ್ನಿನದೋ ಬೋರ್ಡಿನದೋ. ಹಸಿರು ಇಳಿದೂ ಬೂದು 5 ವೋಲ್ಟಿನ ಆಸುಪಾಸಿಗೆ ಏರದಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47ರ ಒಳಗಿರಬೇಕು.

ಮೀಟರಿಗೂ ಒಂದು ಮಿತಿಯಿದೆ. ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ (ಕರೆಂಟ್ ಕೂಡಿಟ್ಟು ವೋಲ್ಟೇಜನ್ನು ಸಮವಾಗಿಡುವ ಬಿಡಿಭಾಗ) ಸೊರಗಿದಾಗ ವೋಲ್ಟೇಜಿನಲ್ಲಿ ಏಳುವ ಸಣ್ಣ ಅಲೆಗಳು ಅದಕ್ಕೆ ಕಾಣುವುದಿಲ್ಲ, ಅದು ಸರಾಸರಿ ತೋರಿಸಿ ಸುಮ್ಮನಾಗುತ್ತದೆ. ಬೆಳಗ್ಗೆ ಮೊದಲ ಎರಡು ಸಲ ಒತ್ತಿದಾಗ ಏಳದೆ, ಮೂರನೇ ಸಲ ಎದ್ದು, ಆಮೇಲೆ ದಿನವಿಡೀ ಸರಿಯಾಗಿರುವ ಮಷಿನ್ನಿದ್ದರೆ ಅನುಮಾನ ಅಲ್ಲಿಗೇ ಹೋಗಬೇಕು: ಹಳೆಯ ಕೆಪಾಸಿಟರ್ ಬೆಚ್ಚಗಾದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಕೊನೆಯ ತೀರ್ಪು ಏನಿದ್ದರೂ, ಚೆನ್ನಾಗಿದೆ ಅಂತ ಗೊತ್ತಿರುವ ಇನ್ನೊಂದು ಎಸ್‌ಎಂಪಿಎಸ್ ಹಾಕಿ ನೋಡಿದಾಗಲೇ. ಡಬ್ಬಿ ಬಿಚ್ಚಲು ಮಾತ್ರ ಹೋಗಬೇಡಿ. ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಪವರ್ ಪಾಸಾಯಿತು ಅನ್ನಿ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದು, ಬೋರ್ಡ್, ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮ್ ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟ್. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡ್ ತೆಗೆದು ಮಾನಿಟರ್ ಕೇಬಲ್ ಬೋರ್ಡಿಗೆ ಹಾಕಿ. ಇಂಟೆಲ್‌ನ ಸಂಖ್ಯೆಯ ಕೊನೆಗೆ ‘ಎಫ್’ ಇದ್ದರೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕೇ ಬೇಕು.

ಬೋರ್ಡಿಗೆ ಪುಟ್ಟ ಬಜರ್ ಸಿಕ್ಕಿಸಿ, ಇದ್ದ ರ‍್ಯಾಮನ್ನೂ ತೆಗೆದು ಆನ್ ಮಾಡಿ. ಬೀಪ್ ಬಂದರೆ ಪ್ರೊಸೆಸರ್ ಮತ್ತು ಬಯಾಸ್ ಜೀವಂತ, ‘ರ‍್ಯಾಮ್ ಎಲ್ಲಿ’ ಅಂತ ಕೂಗುತ್ತಿವೆ. ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತ ಹೋಗಿ. ಬೀಪೇ ಇಲ್ಲದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್. ಬೀಪ್ ಎಷ್ಟು, ಎಷ್ಟು ಉದ್ದ ಎನ್ನುವುದರ ಅರ್ಥ ಬಯಾಸಿನಿಂದ ಬಯಾಸಿಗೆ ಬೇರೆ, ಬೋರ್ಡಿನ ಮ್ಯಾನುಯಲ್ ನೋಡಿ. ಡಿಡಿಆರ್5 ರ‍್ಯಾಮ್ ಬದಲಿಸಿದ್ದರೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಪ್ಲಗ್ ಕೀಳಬೇಡಿ. ರ‍್ಯಾಮಿನ ಕಾಲನ್ನು ರಬ್ಬರಿನಿಂದ ಉಜ್ಜುವ ಚಟ ಬಿಡಿ, ಚಿನ್ನದ ಲೇಪ ಸವೆಯುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಸಾಕು.

ನೀವು ಕೇಳಲಿಲ್ಲ, ಆದರೂ ಬೋರ್ಡ್ ಬಿಚ್ಚಿರುವಾಗಲೇ ಹೇಳಿಬಿಡುತ್ತೇನೆ. ನಾಣ್ಯದಂಥ ಸಿಆರ್2032 ಸೆಲ್ಲನ್ನೂ ಅಳೆಯಿರಿ. ಹೊಸದರಲ್ಲಿ 3 ವೋಲ್ಟ್ ದಾಟಿರುತ್ತದೆ, 2.7ರ ಕೆಳಗಿದ್ದರೆ ಬದಲಿಸಿ. ಸೆಲ್ ಸತ್ತರೆ ಮಷಿನ್ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಗಡಿಯಾರ ತಪ್ಪುತ್ತದೆ, ಜೊತೆಗೆ ಎಷ್ಟೋ ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳು ಮೂಲಕ್ಕೆ ಮರಳುತ್ತವೆ. ಡಿಸ್ಕಿನ ಮೋಡ್ (ಬೋರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ರೇಡ್ ಆಯಿತೋ, ವಿಂಡೋಸ್ ನೀಲಿ ಪರದೆಯಲ್ಲಿ ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’ ಅಂತ ನಿಂತುಬಿಡುತ್ತದೆ. ಆಗಲೂ ಫಾರ್ಮ್ಯಾಟ್ ಅಲ್ಲ. ಸೆಲ್ ಬದಲಿಸಿ, ಬಯಾಸಿನಲ್ಲಿ ಹಳೆಯ ಮೋಡನ್ನೇ ಮತ್ತೆ ಆರಿಸಿ, ಸೇವ್ ಮಾಡಿ ಹೊರಬನ್ನಿ.