ಪದ ಪರಿಚಯ: ಬೀಡಿಂಗ್

ಹಳೆ ಕಾರು ರಿಪೇರಿಯ ಮಾತು ಬಂದಲ್ಲೆಲ್ಲ ‘ಬೀಡಿಂಗ್ ಹೋಗಿದೆ, ಹೊಸದು ಹಾಕಿಸಬೇಕು’ ಎಂಬ ಮಾತು ಕೇಳುತ್ತದೆ. ಹೋಗಿದ್ದು ಯಾವುದು? ವಿಂಡ್‌ಶೀಲ್ಡ್ ಹಿಡಿದಿರುವ ದಪ್ಪ ರಬ್ಬರೋ, ಆ ರಬ್ಬರಿನ ಸೀಳಿಗೆ ತುರುಕಿದ ಸಣ್ಣ ಪಟ್ಟಿಯೋ, ಮೇಲೆ ಹೊಳೆಯುವ ಅಲ್ಯೂಮಿನಿಯಂ ಅಂಚೋ, ಬಾಗಿಲ ಸುತ್ತಿನ ಟೊಳ್ಳು ರಬ್ಬರೋ? ನಾಲ್ಕಕ್ಕೂ ಒಂದೇ ಹೆಸರು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಯಾವ ಗಾಡಿ, ಯಾವ ಮಾಡೆಲ್ ಎಂದು ವಿಚಾರಿಸಿ ಬೇಕಾದ್ದನ್ನು ಹುಡುಕಿ ಕೊಟ್ಟಾರು. ಆದರೆ ಫಿಟ್ಟಿಂಗ್ ಕ್ರಮವನ್ನೂ ಇದೇ ಒಂದು ಪದದಲ್ಲಿ ಹೇಳಹೊರಟರೆ ಗಾಜು ಬಿರಿಯುತ್ತದೆ, ಇಲ್ಲವೇ ಮೊದಲ ಮಳೆಗೇ ಡ್ಯಾಶ್‌ಬೋರ್ಡಿನ ಕೆಳಗೆ ನೀರು ಇಳಿಯುತ್ತದೆ.

ಪದದ ಹುಟ್ಟು ನೋಡಿದರೆ ಗೊಂದಲ ಅರ್ಧ ಕಳೆಯುತ್ತದೆ. ಇಂಗ್ಲಿಷಿನ ‘ಬೀಡ್’ಗೆ ಮೊದಲಿದ್ದ ಅರ್ಥ ಮಣಿ ಅಲ್ಲ, ಪ್ರಾರ್ಥನೆ. ಜರ್ಮನ್ನಿನಲ್ಲಿ ಇಂದಿಗೂ ಪ್ರಾರ್ಥನೆಗೆ ‘ಗೆಬೇಟ್’ ಎನ್ನುತ್ತಾರೆ, ಅದೇ ಬೇರು. ಜಪಸರ ಎಣಿಸುತ್ತ ಪ್ರಾರ್ಥಿಸುವ ರೂಢಿಯಿಂದ ಹೆಸರು ಮಣಿಗೆ ದಾಟಿತು. ಮರದ ಅಂಚಿನಲ್ಲಿ ಮಣಿಸಾಲಿನಂತೆ ಕೆತ್ತಿದ ಅಲಂಕಾರಕ್ಕೂ ಅದೇ ಹೆಸರಾಯಿತು. ಆಮೇಲೆ ಕೆತ್ತನೆ ಹೋಗಿ, ಗುಂಡಗೆ ಹೆರೆದ ತೆಳು ಪಟ್ಟಿಯೇ ಬೀಡಿಂಗ್ ಆಯಿತು. ಕಿಟಕಿ ಚೌಕಟ್ಟಿನಲ್ಲಿ ಗಾಜು ಕೂರಿಸಿ, ಅದು ಕಳಚಿ ಬೀಳದಂತೆ ಕೊನೆಗೆ ಹೊಡೆಯುವ ಪಟ್ಟಿ ಇದು. ನಮ್ಮ ಬಡಗಿಗಳು ಈ ಅರ್ಥದಲ್ಲೇ ಬಳಸುತ್ತಾರೆ, ಸರಿಯಾಗಿಯೇ ಬಳಸುತ್ತಾರೆ. ಪದ ಕೆಟ್ಟಿದ್ದು ಗ್ಯಾರೇಜಿಗೆ ಬಂದ ಮೇಲೆ.

ಬಡಗಿಯ ಅರ್ಥವನ್ನೇ ಕಾರಿಗೆ ತಂದರೆ ಬೀಡಿಂಗ್ ಎನ್ನಿಸಿಕೊಳ್ಳಬೇಕಾದ್ದು ರಬ್ಬರಲ್ಲ, ಅದರ ಸೀಳಿಗೆ ತುರುಕುವ ಸಣ್ಣ ಪಟ್ಟಿ, ಅಂದರೆ ಫಿಲ್ಲರ್. ಹಳೆಯ ಮಿನಿ ಕಾರಿನ ರಬ್ಬರನ್ನು ಅಡ್ಡ ಕತ್ತರಿಸಿ ನೋಡಿ. ಒಂದು ಸೀಳು ಬಾಡಿಯ ತಗಡಿನ ಅಂಚನ್ನು ಹಿಡಿಯುತ್ತದೆ, ಇನ್ನೊಂದು ಗಾಜನ್ನು. ಹೊರಮೈಯಲ್ಲಿ ಮೂರನೆಯದೊಂದು ಸೀಳಿದೆ. ಫಿಲ್ಲರ್ ಅದರೊಳಗೆ ಕೂತಾಗ ರಬ್ಬರಿನ ತುಟಿಗಳು ಎರಡೂ ಕಡೆ ಬಿಗಿದು ಗಾಜನ್ನೂ ತಗಡನ್ನೂ ಕಚ್ಚಿಕೊಳ್ಳುತ್ತವೆ. ಇದು ಕ್ರೋಮ್ ಬಣ್ಣದಲ್ಲಿ ಸಿಗುವುದರಿಂದ ಶೋಕಿಗೆ ಹಾಕಿದ್ದು ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ರಬ್ಬರ್ ಸಡಿಲ, ನೀರು ಒಳಗೆ, ಗಾಜಿಗೂ ಹಿಡಿತವಿಲ್ಲ.

ಮಿನಿಯಲ್ಲಿ ಮೊದಲು ರಬ್ಬರನ್ನು ಬಾಡಿಗೆ ಏರಿಸಬೇಕು. ಸೀಳಿಗೆ ಸೋಪಿನ ನೀರು ಸವರಿ ಗಾಜಿನ ಕೆಳಅಂಚನ್ನು ಕೂರಿಸಿ, ಮೊಂಡು ಪ್ಲಾಸ್ಟಿಕ್ ಸಲಕರಣೆಯಿಂದ ತುಟಿಯನ್ನು ಸುತ್ತಲೂ ಗಾಜಿನ ಮೇಲೆ ಎಬ್ಬಿಸಬೇಕು. ಫಿಲ್ಲರ್ ಕಟ್ಟಕಡೆಗೆ. ಅದನ್ನು ಎಳೆದು ಹಿಗ್ಗಿಸಿ ತುರುಕಿದರೆ ಕೆಲ ದಿನಗಳಲ್ಲಿ ಕುಗ್ಗಿ ಸೇರುವ ಜಾಗದಲ್ಲಿ ಬಿರುಕು ಬಿಡುತ್ತದೆ. ಸುತ್ತಳತೆಗಿಂತ 1 ಸೆಂ.ಮೀ.ನಷ್ಟು ಹೆಚ್ಚಿಟ್ಟು ಕತ್ತರಿಸಿ, ಎರಡು ತುದಿಗಳನ್ನು ಒತ್ತಿ ಎದುರುಬದುರು ಕೂರಿಸಿ.

ಈಗ ಫೋಕ್ಸ್‌ವ್ಯಾಗನ್ನಿನ ಹಳೆಯ ಬೀಟಲ್ ಕಾರಿಗೆ ಬನ್ನಿ. ಅಲ್ಲೂ ರಬ್ಬರಿನ ಸೀಳಿನಲ್ಲಿ ಹೊಳೆಯುವ ಪಟ್ಟಿಯಿದೆ, ನೋಡಲು ಫಿಲ್ಲರಿನಂತೆಯೇ. ಆದರೆ ಅದು ಫಿಲ್ಲರಿನಂತೆ ಗಾಜನ್ನು ಬಿಗಿಹಿಡಿಯುವ ಬೀಗವಲ್ಲ, ಬರೀ ಅಲಂಕಾರದ ಟ್ರಿಮ್. ಪಟ್ಟಿಯೂ ಇಲ್ಲದ, ಅದರ ಸೀಳೂ ಇಲ್ಲದ ರಬ್ಬರ್ ಹಾಕಿದರೂ ಗಾಜು ಭದ್ರವಾಗಿ ನಿಲ್ಲುತ್ತದೆ. ಕ್ರಮ ಪೂರ್ತಿ ತಿರುಗುಮುರುಗು: ಮೊದಲು ರಬ್ಬರ್ ಗಾಜಿಗೆ, ಆಮೇಲೆ ಟ್ರಿಮ್ ರಬ್ಬರಿಗೆ, ಕೊನೆಗೆ ಮೂರೂ ಒಟ್ಟಾಗಿ ಬಾಡಿಗೆ. ‘ಬೀಡಿಂಗ್ ಕೊನೆಗೆ’ ಎಂದು ಮಿನಿಯಲ್ಲಿ ಕಲಿತವರು ಇಲ್ಲೂ ಹಾಗೇ ಮಾಡಲು ಹೋಗಿ ಅಲ್ಯೂಮಿನಿಯಂ ಪಟ್ಟಿಯನ್ನು ಸೊಟ್ಟ ಮಾಡುತ್ತಾರೆ. ಸೊಟ್ಟಾದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಇನ್ನೊಂದು ಎಚ್ಚರ: 1965ರ ಮಾಡೆಲಿನಿಂದ ಬೀಟಲ್ ಗಾಜುಗಳು ದೊಡ್ಡದಾದವು, ಅದಕ್ಕೂ ಮೊದಲಿನ ರಬ್ಬರ್ ಆಗಿಬರುವುದಿಲ್ಲ.

ಬೀಟಲ್‌ನಲ್ಲಿ ಕೆಲಸ ಮಾಡುವುದು ದಾರ. 3-4 ಮಿ.ಮೀ. ನೈಲಾನ್ ಹಗ್ಗವನ್ನು ತಗಡು ಹಿಡಿಯುವ ಸೀಳಿನಲ್ಲಿ ಸುತ್ತಲೂ ಕೂರಿಸಿ, ತುದಿಗಳನ್ನು ಕೆಳಗೆ ನಡುವೆ ಸುಮಾರು 30 ಸೆಂ.ಮೀ. ಒಂದರ ಮೇಲೊಂದು ಹಾಯಿಸಿ ಒಳಕ್ಕೆ ಬಿಡಬೇಕು. ಒಬ್ಬರು ಒಳಗಿನಿಂದ ಎಳೆಯುತ್ತ ಹೋದಂತೆ ತುಟಿ ತಗಡನ್ನು ದಾಟಿ ಒಳಗೆ ಮಗುಚಿಕೊಳ್ಳುತ್ತದೆ. ಇನ್ನೊಬ್ಬರು ಹೊರಗೆ ಅದೇ ಜಾಗದಲ್ಲಿ ಅಂಗೈಯಿಂದ ಒತ್ತುತ್ತಿರಬೇಕು. ಮುಷ್ಟಿಯಿಂದ ಗುದ್ದಬೇಡಿ, ಲ್ಯಾಮಿನೇಟೆಡ್ ಗಾಜು ಅಂಚಿನಿಂದಲೇ ಬಿರಿಯುವುದು. ರಬ್ಬರನ್ನು ಮೊದಲೇ ಬಿಸಿಲಿಗಿಟ್ಟು ಮೆತ್ತಗಾಗಿಸಿಕೊಳ್ಳಿ. ಗ್ರೀಸು, ಎಂಜಿನ್ ಆಯಿಲ್ ಬೇಡವೇ ಬೇಡ, ರಬ್ಬರ್ ಉಬ್ಬುತ್ತದೆ.

ಎಷ್ಟು ಬಡಿದಾಡಿದರೂ ಮೂಲೆ ಕೂರದಿದ್ದರೆ ‘ಬೀಡಿಂಗ್ ಸರಿಯಿಲ್ಲ’ ಎಂದು ರಬ್ಬರನ್ನು ಬೈಯುವ ಮೊದಲು ತಗಡಿನ ಅಂಚು ನೋಡಿ. ತುಕ್ಕು ತಿಂದ ಜಾಗಕ್ಕೆ ಟಿಂಕರಿಂಗಿನಲ್ಲಿ ಹೊಸ ತಗಡನ್ನು ಹಳೆಯದರ ಮೇಲೆಯೇ ಬೆಸೆದು, ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರೆ ಅಂಚು ದಪ್ಪಗಾಗಿ ಸೀಳಿಗೆ ಹಿಡಿಸುವುದಿಲ್ಲ. ಅದನ್ನು ಉಜ್ಜಿ ಸರಿಪಡಿಸದೆ ಬೇರೆ ದಾರಿಯಿಲ್ಲ.

ಸೋರಿದ ಕಡೆಗೆಲ್ಲ ಸಿಲಿಕೋನ್ ಬಳಿಯುವುದಂತೂ ನಿಲ್ಲಬೇಕು. ಹುಳಿ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣ ಕೆತ್ತಿಹೋದ ತಗಡಿಗೆ ಅದು ತುಕ್ಕನ್ನು ಕರೆಯುತ್ತದೆ, ಮುಂದೆ ಅಲ್ಲಿ ಹೊಸ ಬಣ್ಣವೂ ಹಿಡಿಯುವುದಿಲ್ಲ. ಗಟ್ಟಿಯಾಗದೆ ಮೆತ್ತಗೇ ಉಳಿಯುವ ಸೀಲಂಟನ್ನು, ಸೋರುವ ಕಡೆ ತುಟಿ ಎತ್ತಿ, ತೆಳುವಾಗಿ ತುಂಬಿದರೆ ಸಾಕು. ಸೋರುವ ಜಾಗ ಗೊತ್ತಾಗಬೇಕಾದರೆ ಪೈಪಿನ ನೀರನ್ನು ಮೆಲ್ಲಗೆ, ಕೆಳಗಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹಾಯಿಸಿ, ಒಳಗೆ ಒಬ್ಬರನ್ನು ಕೂರಿಸಿ ನೋಡಿಸಿ. ಮೇಲಿನಿಂದ ಸುರಿದರೆ ನೀರು ಎಲ್ಲಿ ಹೊಕ್ಕು ಎಲ್ಲಿ ತೊಟ್ಟಿಕ್ಕಿತೆಂದು ತಿಳಿಯುವುದೇ ಇಲ್ಲ.